ಮಲ್ಲಯ್ಯನ ಗಿರಿಗೆ ನಡೆದು ಹೋಗುವ ದಾರಿ

ಯುಗಾದಿ ಸಮೀಪಿಸಿತೆಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹಳ್ಳಿಗಳಿಂದ ಮಲ್ಲಯ್ಯನ ಕಂಬಿಗಳು ಹೊರಡುತ್ತವೆ. ಶ್ರೀಶೈಲದ ಭ್ರಮರಾಂಬೆಯನ್ನು ನಮ್ಮ ಭಾಗದವರು ಮನೆಯ ಮಗಳೆಂದೇ ಭಾವಿಸಿರುವುದರಿಂದ ತಾಯಂದಿರ ಗಂಟಿನಲ್ಲಿ ಹೊಸ ಸೀರೆಯೊಂದು ಇದ್ದೇ ಇರುತ್ತದೆ. ಕೆಲವರು ಬರಿಗಾಲಲ್ಲಿ, ಕೆಲವರು ಮರಗಾಲು ಕಟ್ಟಿಕೊಂಡು, ರಾಯಚೂರು, ಮಂತ್ರಾಲಯ, ಎಮ್ಮಿಗನೂರು, ಕರ್ನೂಲು, ನಂದಿಕೊಟ್ಕೂರು, ಆತ್ಮಕೂರುಗಳನ್ನು ಹಾದು ವೆಂಕಟಾಪುರದವರೆಗೆ ಡಾಂಬರು ರಸ್ತೆಯಲ್ಲಿ ನಡೆಯುತ್ತಾರೆ. ಅಲ್ಲಿಂದ ಮುಂದೆ ನಲ್ಲಮಲ ಅರಣ್ಯದ ಕಾಲುದಾರಿ. ನಾಗಲೂಟಿ, ಪೆಚ್ಚೆರುವು, ಭೀಮನಕೊಳಗಳನ್ನು ದಾಟಿ ಏರಿದರೆ ಕೈಲಾಸದ್ವಾರ.

ಮಠದ ಪಾಠಶಾಲೆಯಲ್ಲಿ ಓದುತ್ತಿದ್ದಾಗ ಗುರುಗಳೊಡನೆ ನಾನು ಈ ದಾರಿಯನ್ನು ಮೊದಲ ಸಲ ನಡೆದೆ. ಅಂದು ನಮಗೆ ಅಂಜಿಕೆಯಿದ್ದುದು ಕಾಡಿನದು. ಹುಲಿ, ಚಿರತೆ, ಕರಡಿಗಳ ಕಥೆಗಳನ್ನು ಕೇಳುತ್ತ ನಡುಗುತ್ತಿದ್ದೆವು. ರಸ್ತೆಯೆಂದರೆ ಎತ್ತಿನ ಗಾಡಿಗಳು, ಎಲ್ಲೋ ಒಂದು ಲಾರಿ. ಇಂದು ಅದು ತಿರುವುಮುರುವಾಗಿದೆ. ಕಾಡಿನಲ್ಲಿ ಯಾತ್ರಿಕನು ನಿಶ್ಚಿಂತನಾಗಿ ಉಸಿರಾಡುತ್ತಾನೆ. ಅಪಾಯವಿರುವುದು ಅದಕ್ಕೆ ಮುಂಚಿನ ಹೆದ್ದಾರಿಯಲ್ಲಿ. ಕೇಂದ್ರ ಸರ್ಕಾರದ ಲೆಕ್ಕದಂತೆ 2022ನೆಯ ಇಸವಿಯೊಂದರಲ್ಲೇ ದೇಶದ ರಸ್ತೆಗಳಲ್ಲಿ 1,68,491 ಜನ ಮಡಿದರು. ಅವರಲ್ಲಿ 32,825 ಜನ ಕಾಲ್ನಡಿಗೆಯವರು.

ಈ ಅಂಕಿಗಳನ್ನು ನಾನು ಹುಡುಕಿ ಓದಿದುದಕ್ಕೆ ಒಂದು ಕಾರಣವುಂಟು. 2018ರ ಯಾತ್ರೆಯಲ್ಲಿ ನಮ್ಮ ತಂಡಕ್ಕೆ ನಾನೇ ಹಿರಿಯ. ಬಿಸಿಲಿಗೆ ಹೆದರಿ ನಸುಕಿನ ಮೂರು ಗಂಟೆಗೇ ಎಲ್ಲರನ್ನೂ ಎಬ್ಬಿಸಿ ಹೊರಡಿಸುತ್ತಿದ್ದೆ. "ಎಲ್ಲರೂ ಎಡಕ್ಕೆ ನಡೆಯಿರಿ" ಎಂಬುದು ನನ್ನ ಆಜ್ಞೆ. ಬಾಲ್ಯದಿಂದ ಕೇಳಿದ ಮಾತದು. ವಾಹನಕ್ಕೆ ಹೇಳಿದ್ದನ್ನು ಕಾಲಿಗೂ ಅನ್ವಯಿಸಿಕೊಂಡಿದ್ದೆ. ಎಮ್ಮಿಗನೂರಿನಿಂದ ಕಂದು ಬಣ್ಣದ ನಾಯಿಯೊಂದು ನಮ್ಮ ಬೆನ್ನು ಹತ್ತಿತ್ತು. ದಾಸೋಹದ ರೊಟ್ಟಿಯಲ್ಲಿ ಅದಕ್ಕೂ ಪಾಲು ದೊರೆಯುತ್ತಿತ್ತು. ಅದನ್ನು ಕಟ್ಟಬೇಕೆಂದು ಯಾರಿಗೂ ತೋಚಲಿಲ್ಲ.

ನಂದಿಕೊಟ್ಕೂರನ್ನು ದಾಟಿದ ಮೇಲೆ, ಇನ್ನೂ ಕತ್ತಲಿರುವಾಗ, ನಾಯಿ ಇದ್ದಕ್ಕಿದ್ದಂತೆ ರಸ್ತೆಗೆ ಹಾರಿತು. ಸಾಲಿನ ಕೊನೆಯಲ್ಲಿ ನೀರಿನ ಕ್ಯಾನುಗಳನ್ನು ಸೈಕಲ್ಲಿಗೆ ಹೇರಿಕೊಂಡು ಬರುತ್ತಿದ್ದ ತರುಣ ಅದನ್ನು ತಪ್ಪಿಸಲು ಬಲಕ್ಕೆ ಹೊರಳಿದ. ಹಿಂದಿನಿಂದ ಬಂದ ಸರಕಿನ ವಾಹನವೊಂದು ಅವನನ್ನು ಕೆಡವಿ, ನಿಲ್ಲದೆ ಹೋಯಿತು. ಸೈಕಲ್ಲಿಗೆ ದೀಪವಿರಲಿಲ್ಲ; ಹಿಂಬದಿಯಲ್ಲಿ ಕರಿಯ ಕಂಬಳಿಯ ಗಂಟು. ಚಾಲಕನಿಗೆ ಅವನು ಕಂಡಿದ್ದಾದರೂ ಹೇಗೆ?

ತೊಡೆಯ ಮೂಳೆ ಮುರಿದಿತ್ತು. ಆಗ ನಡೆದುದನ್ನು ಬರೆಯಲು ಸಂಕೋಚವಾಗುತ್ತದೆ. ಪೊಲೀಸರ ತನಿಖೆಗೆ ಅಂಜಿ ಪರವೂರಿನ ಜನ ದೂರ ನಿಂತರು. ನಮ್ಮವರೂ ಮುಟ್ಟಲು ಹಿಂಜರಿದರು. 108ಕ್ಕೆ ಕರೆ ಮಾಡಬೇಕೆಂಬುದು ನೆನಪಾಗಲು ಎಷ್ಟೋ ನಿಮಿಷ ಹಿಡಿಯಿತು. ತಂಡದಲ್ಲಿಯೇ ಇದ್ದ ಅವನ ತಾಯಿ ನನ್ನನ್ನು ಬೈಯಲಿಲ್ಲ. "ಅಜ್ಜಾರ, ನೀವು ಮುಂದಿದ್ರಿ. ಹಿಂದ ಯಾರಿದ್ರರಿ?" ಎಂದಷ್ಟೇ ಕೇಳಿದರು. ಆಂಬುಲೆನ್ಸ್ ಹತ್ತುವಾಗ ಗಂಟಿನಲ್ಲಿದ್ದ ಸೀರೆಯನ್ನು ನನ್ನ ಕೈಗಿತ್ತರು. ಅಮ್ಮನವರ ಸನ್ನಿಧಿಯಲ್ಲಿ ಅದನ್ನು ಒಪ್ಪಿಸುವಾಗ ನನಗೆ ಮಂತ್ರ ಬಾಯಿಗೆ ಬರಲಿಲ್ಲ.

ಊರಿಗೆ ಮರಳಿದ ಮೇಲೆ ತಿಳಿದವರಲ್ಲಿ ವಿಚಾರಿಸಿದೆ. ಕಾಲುದಾರಿಯಿಲ್ಲದ ರಸ್ತೆಯಲ್ಲಿ ನಡೆಯುವವನು ಬಲಬದಿಯ ಅಂಚನ್ನು ಹಿಡಿಯಬೇಕು. ಆಗ ಸಮೀಪದ ವಾಹನ ಎದುರಿನಿಂದ ಬರುತ್ತದೆ, ಕಣ್ಣಿಗೆ ಕಾಣುತ್ತದೆ, ಪಕ್ಕಕ್ಕೆ ಸರಿಯಲು ಅವಕಾಶವಾಗುತ್ತದೆ. ಸೈಕಲ್ ಮಾತ್ರ ವಾಹನವೇ ಆದುದರಿಂದ ಎಡಕ್ಕೇ ಹೋಗಬೇಕು, ಹಿಂದೆ ಕೆಂಪು ಪ್ರತಿಫಲಕ, ಮುಂದೆ ದೀಪ ಇರಬೇಕು. ಗಂಟೆಗೆ 80 ಕಿಲೋಮೀಟರ್ ವೇಗದ ಲಾರಿ ಒಂದೊಂದು ಸೆಕೆಂಡಿಗೂ ಸುಮಾರು 22 ಮೀಟರ್ ಸಾಗುತ್ತದೆ. ಚಾಲಕನು ಕಂಡು, ಕಾಲನ್ನು ಬ್ರೇಕಿಗೆ ಒಯ್ಯುವಷ್ಟರಲ್ಲೇ ಅಷ್ಟು ದೂರ ಮುಗಿದಿರುತ್ತದೆ. ನಿಲ್ಲುವುದು ಇನ್ನೆಷ್ಟೋ ಮುಂದೆ. ಇದನ್ನು ತಿಳಿಯಲು ಶಾಸ್ತ್ರಾಧ್ಯಯನ ಬೇಕಿರಲಿಲ್ಲ, ಪ್ರಾಥಮಿಕ ಶಾಲೆಯ ಗಣಿತ ಸಾಕಿತ್ತು.

ಗಾಯಾಳುವಿಗೆ ನೆರವಾದವರನ್ನು ಹೆಸರು ಹೇಳೆಂದು, ಸಾಕ್ಷಿಯಾಗೆಂದು ಬಲವಂತ ಮಾಡಬಾರದೆಂದು ಸುಪ್ರೀಂ ಕೋರ್ಟು 2016ರಲ್ಲಿಯೇ ವಿಧಿಸಿತ್ತು. 2019ರಲ್ಲಿ ಮೋಟಾರು ವಾಹನ ಕಾಯಿದೆಗೂ ಆ ರಕ್ಷಣೆ ಸೇರಿತು. ನಾವು ಹೆದರಿ ನಿಂತದ್ದು ಇಲ್ಲದ ಭೂತಕ್ಕೆ. ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033ಕ್ಕೂ ಕರೆ ಮಾಡಬಹುದು. ಡಿಕ್ಕಿ ಹೊಡೆದು ಪರಾರಿಯಾದ ವಾಹನ ಪತ್ತೆಯಾಗದಿದ್ದರೆ, 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಯೋಜನೆಯಂತೆ ಮರಣಕ್ಕೆ ಎರಡು ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರವುಂಟು. ನಮ್ಮ ತರುಣನ ಕಾಲಕ್ಕೆ ಈ ಮೊತ್ತ ಇರಲಿಲ್ಲ.

ನಾಯಿಯ ವಿಷಯ ಅನೇಕರಿಗೆ ಲಘುವಾಗಿ ಕಾಣಬಹುದು. ಅನ್ನವಿಟ್ಟು ಜೊತೆಗೆ ಕರೆದೊಯ್ಯುವ ಪ್ರಾಣಿಯ ಹೊಣೆ ನಮ್ಮದೇ. ಅದಕ್ಕೆ ಹಗ್ಗ ಹಾಕಿ, ವಾಹನದತ್ತ ನಾವು, ಹೊಲದತ್ತ ಅದು ಇರುವಂತೆ ನಡೆಸಬೇಕು. ಮಧ್ಯಾಹ್ನದ ಡಾಂಬರಿನಲ್ಲಿ ಅದರ ಪಾದವೂ ಸುಡುತ್ತದೆಂದು ಬರಿಗಾಲ ಯಾತ್ರಿಕನಿಗೆ ಬೇರೆ ಯಾರೂ ಹೇಳಬೇಕಿಲ್ಲ. ಕಾಡಿನೊಳಕ್ಕಂತೂ ಒಯ್ಯಲೇಬಾರದು. ಅದು ಹುಲಿ ಸಂರಕ್ಷಿತ ಪ್ರದೇಶ. ನಾಯಿ ಚಿರತೆಗೆ ಪ್ರಿಯವಾದ ಆಹಾರ, ನಾಯಿಯ ರೋಗ ಕಾಡುಪ್ರಾಣಿಗೂ ಅಂಟುತ್ತದೆ. ಆ ಕಂದು ನಾಯಿಯನ್ನು ನಾವು ವೆಂಕಟಾಪುರದ ಚಹದಂಗಡಿಯವನ ವಶಕ್ಕೆ ಒಪ್ಪಿಸಿದೆವು. ಮರುವರ್ಷ ಹೋದಾಗ ಅಂಗಡಿಯ ಬೆಂಚಿನ ಕೆಳಗೆ ಮಲಗಿತ್ತು. ನಮ್ಮನ್ನು ಗುರುತಿಸಿತೋ ಇಲ್ಲವೋ, ಬಾಲವನ್ನಂತೂ ಆಡಿಸಿತು.

ಈಗ ನಮ್ಮ ತಂಡ ಬೆಳಕು ಹರಿದ ಮೇಲೆಯೇ ಹೊರಟು, ಬಿಸಿಲೇರುವ ಮುನ್ನ ನೆರಳು ಸೇರುತ್ತದೆ. ಎರಡು ಹರದಾರಿ ಕಡಿಮೆಯಾದರೆ ಮಲ್ಲಯ್ಯನೇನೂ ಮುನಿಯುವುದಿಲ್ಲ. ಅದಕ್ಕಾಗಿ ಮೂರು ದಿನ ಮೊದಲೇ ಊರು ಬಿಡುತ್ತೇವೆ. ಕಂಬಳಿಗಳ ಮೇಲೆ ಹೊಳೆಯುವ ಪಟ್ಟಿ ಹೊಲಿಸಿದ್ದೇವೆ. ಆ ತರುಣ ಸ್ವಲ್ಪ ಕುಂಟುತ್ತಾನೆ. ನೀರಿನ ಟೆಂಪೋವನ್ನು ಅವನೇ ನಡೆಸುತ್ತಾನೆ. ಕಂಬಿಯ ಮುಂದೆ ಹುಡುಗರು ನಡೆಯುತ್ತಾರೆ. ನಾನು ಬೆನ್ನಿಗೊಂದು ಕೆಂಪು ದೀಪ ಕಟ್ಟಿಕೊಂಡು ಎಲ್ಲರಿಗಿಂತ ಹಿಂದೆ ಬರುತ್ತೇನೆ.