ಕಡಲ ದಂಡೆಗೆ ಕಟ್ಟುವ ಬುತ್ತಿ

ಕಾರವಾರದಿಂದ ತಲಪಾಡಿಯವರೆಗೆ 300 ಕಿಲೋಮೀಟರಿಗೂ ಮಿಕ್ಕಿ ಚಾಚಿಕೊಂಡಿರುವ ಕರ್ನಾಟಕದ ಕರಾವಳಿಯನ್ನು ಒಂದು ದಿನದ ಮಟ್ಟಿಗೆ ನೋಡಿಹೋಗಲು ಬರುವವರಲ್ಲಿ ಘಟ್ಟದ ಮೇಲಿನವರ ಪಾಲು ದೊಡ್ಡದು. ಹುಬ್ಬಳ್ಳಿ-ಧಾರವಾಡದ ಕುಟುಂಬಗಳು ಅರಬೈಲು ಘಟ್ಟವನ್ನಿಳಿದು ಗೋಕರ್ಣಕ್ಕೂ ಕಾರವಾರಕ್ಕೂ, ಶಿವಮೊಗ್ಗದವರು ಆಗುಂಬೆಯ ತಿರುವುಗಳನ್ನಿಳಿದು ಮಲ್ಪೆಗೂ, ಬೆಂಗಳೂರು-ಹಾಸನದ ಕಡೆಯವರು ಶಿರಾಡಿಯ ಮೂಲಕ ಪಣಂಬೂರು, ಸೋಮೇಶ್ವರಗಳಿಗೂ ಬರುತ್ತಾರೆ. ದೂರದಿಂದ ಬರುವವರು ರಾತ್ರಿಯೆಲ್ಲ ಪ್ರಯಾಣ ಮಾಡಿ ಬೆಳಗಿನ ಹೊತ್ತಿಗೆ ಅಲೆಗಳ ಮುಂದೆ ನಿಲ್ಲುತ್ತಾರೆ. ಅವರ ಕೈಯಲ್ಲಿರುವ ಬುತ್ತಿ, ಅಂದರೆ ಹಾದಿಯಲ್ಲಿಯೋ ಹೊಲದಲ್ಲಿಯೋ ಉಣ್ಣಲೆಂದು ಮನೆಯಿಂದ ಕಟ್ಟಿಕೊಂಡು ಹೋಗುವ ಊಟ, ಹಿಂದಿನ ಸಂಜೆ ಒಲೆಯಿಂದ ಇಳಿದದ್ದು. ಸಂಜೆ 7 ಗಂಟೆಗೆ ಮಾಡಿದ ಅಡುಗೆಯನ್ನು ಮರುದಿನ ಮಧ್ಯಾಹ್ನ 1 ಗಂಟೆಗೆ ಬಿಚ್ಚಿದರೆ ಅದಕ್ಕೆ 18 ಗಂಟೆ ತುಂಬಿರುತ್ತದೆ, ಆ ಅವಧಿಯಲ್ಲಿ ಅದು ಒಂದು ಹವೆಯಿಂದ ಇನ್ನೊಂದು ಹವೆಗೆ ದಾಟಿರುತ್ತದೆ. ದಂಡೆಯ ಊಟ ಹಗುರವಾಗಿರಬೇಕು, ಮೈಗೆ ಒಗ್ಗುವಂತಿರಬೇಕು ಎಂದು ಎಲ್ಲರೂ ಬಯಸುತ್ತಾರಾದರೂ ಈ ಹವೆಯ ಬದಲಾವಣೆಯನ್ನು ಲೆಕ್ಕಕ್ಕೆ ಹಿಡಿಯುವವರು ಕಡಿಮೆ. ಒಳನಾಡಿನ ಒಣಹವೆಯಲ್ಲಿ ತಲೆಮಾರುಗಳಿಂದ ಹದಗೊಂಡ ಬುತ್ತಿಯನ್ನು ಹಾಗೆಯೇ ತೇವದ ನಾಡಿಗೆ ಒಯ್ದಾಗ ಅದರ ಯಾವ ಗುಣ ಉಳಿಯುತ್ತದೆ, ಯಾವುದು ಕೈಕೊಡುತ್ತದೆ ಎಂಬುದೇ ಇಲ್ಲಿ ಮೊದಲು ಯೋಚಿಸಬೇಕಾದ ಸಂಗತಿ.

ಬಯಲುಸೀಮೆಯ ಬುತ್ತಿಯ ಹಿಂದಿರುವ ತಿಳಿವಳಿಕೆ ಗೌರವಕ್ಕೆ ಅರ್ಹವಾದುದು. ಆಹಾರವನ್ನು ಕೆಡಿಸುವ ಸೂಕ್ಷ್ಮಜೀವಿಗಳಿಗೆ ನೀರು ಬೇಕು, ಹದವಾದ ಬಿಸಿ ಬೇಕು, ಹುಳಿ ಹೆಚ್ಚಿಲ್ಲದ ನೆಲೆ ಬೇಕು. ಇವುಗಳಲ್ಲಿ ಒಂದನ್ನಾದರೂ ಇಲ್ಲವಾಗಿಸುವುದೇ ಆ ಅಡುಗೆಯ ಸೂತ್ರ. ಜೋಳದ ಹಿಟ್ಟಿನಿಂದ ತೆಳ್ಳಗೆ ಬಡಿದು ಸುಟ್ಟು ಗರಿಯಾಗುವಂತೆ ಒಣಗಿಸಿದ ಕಟಕ ರೊಟ್ಟಿ ನೀರನ್ನೇ ಹೊರಗಟ್ಟುತ್ತದೆ. ಪುಳಿಯೋಗರೆಯ ಗೊಜ್ಜು ಹುಣಿಸೆಯಲ್ಲಿರುವ ಟಾರ್ಟಾರಿಕ್ ಆಮ್ಲವನ್ನು ಬತ್ತಿಸಿ, ಎಣ್ಣೆ ಮತ್ತು ಉಪ್ಪಿನೊಡನೆ ಅನ್ನದ ಅಗುಳುಗಳಿಗೆ ಹಿಡಿಸುತ್ತದೆ. ಇವೆರಡಕ್ಕಿಂತಲೂ ಸೂಕ್ಷ್ಮವಾದುದು ಪ್ರಯಾಣದ ಮೊಸರನ್ನ. ಅನುಭವವುಳ್ಳ ಗೃಹಿಣಿ ಆ ಅನ್ನಕ್ಕೆ ಮೊಸರನ್ನು ಸುರಿಯುವುದಿಲ್ಲ. ಮೆತ್ತಗೆ ಬೆಂದ ಅನ್ನವನ್ನು ಉಗುರುಬೆಚ್ಚಗಾಗುವವರೆಗೆ ಆರಿಸಿ, ಕಾಸಿದ ಹಾಲನ್ನು ಧಾರಾಳವಾಗಿ ಬೆರೆಸಿ, ಒಂದೇ ಒಂದು ಚಮಚ ಮೊಸರನ್ನು ಹೆಪ್ಪಿನಂತೆ ಹಾಕುತ್ತಾಳೆ. ಹೆಪ್ಪಿನಲ್ಲಿರುವ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ದಾರಿಯುದ್ದಕ್ಕೂ ಹಾಲನ್ನು ಮೊಸರಾಗಿಸುತ್ತ, ಇತರ ಜೀವಿಗಳಿಗೆ ನೆಲೆ ಸಿಗದಂತೆ ಹುಳಿಯನ್ನು ಏರಿಸುತ್ತ ಹೋಗುತ್ತವೆ. ಡಬ್ಬಿ ಬಿಚ್ಚುವ ಹೊತ್ತಿಗೆ ಅದು ಸವಿಯಾದ ಮೊಸರನ್ನವಾಗಿರುತ್ತದೆ. ಊಟದ ಹೊತ್ತನ್ನೇ ಅಡುಗೆಯ ಒಂದು ಸಾಮಗ್ರಿಯಾಗಿ ಬಳಸಿದ ಈ ಜಾಣ್ಮೆಗೆ ಪಾಕಶಾಸ್ತ್ರದಲ್ಲಿ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲ.

ಆದರೆ ಈ ಲೆಕ್ಕವೆಲ್ಲ ಘಟ್ಟದ ಮೇಲಿನ ರಾತ್ರಿಗೆ ಹೊಂದಿಸಿದ್ದು. ಚಳಿಗಾಲದಲ್ಲಿಯೂ ಕರಾವಳಿಯ ರಾತ್ರಿ ಬಯಲುಸೀಮೆಯ ರಾತ್ರಿಯಷ್ಟು ತಣಿಯುವುದಿಲ್ಲ, ಹಗಲು ಬೇಗ ಕಾವೇರುತ್ತದೆ, ಗಾಳಿಯಲ್ಲಿ ಸದಾ ನೀರಿನ ಆವಿ ತುಂಬಿರುತ್ತದೆ. ಆದ್ದರಿಂದ ಊರಿನಲ್ಲಿ ಮಧ್ಯಾಹ್ನಕ್ಕೆ ಹದ ಬರುವ ಮೊಸರನ್ನ ದಂಡೆಯಲ್ಲಿ ಬೆಳಗಿನ ತಿಂಡಿಯ ಹೊತ್ತಿಗೇ ಹದ ಮೀರುತ್ತದೆ. ಡಬ್ಬಿಗೆ ಒದ್ದೆ ಬಟ್ಟೆ ಸುತ್ತುವ ಹಳೆಯ ಉಪಾಯವೂ ಇಲ್ಲಿ ಅಷ್ಟಾಗಿ ನಡೆಯದು. ಬಟ್ಟೆಯ ನೀರು ಆವಿಯಾಗುವಾಗ ಒಳಗಿನ ಬಿಸಿಯನ್ನು ಎಳೆದುಕೊಳ್ಳುತ್ತದೆ ಎಂಬುದು ಅದರ ಆಧಾರ; ಆವಿಯಿಂದ ತುಂಬಿದ ಗಾಳಿ ಇನ್ನಷ್ಟು ಆವಿಯನ್ನು ಸುಲಭವಾಗಿ ಹೊರಲಾರದಾದ್ದರಿಂದ ವಿಜಯಪುರದಲ್ಲಿ ತಣ್ಣಗಿರುವ ಮಡಕೆ ಮುರುಡೇಶ್ವರದಲ್ಲಿ ಅಷ್ಟು ತಣ್ಣಗಿರುವುದಿಲ್ಲ. ನೀರಿನ ಬಾಟಲಿಗಳನ್ನು ಹಿಂದಿನ ರಾತ್ರಿ ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿಸಿ ಊಟದ ಡಬ್ಬಿಗಳ ನಡುವೆ ಇಟ್ಟು ಒಯ್ಯುವುದು ಇದಕ್ಕಿಂತ ಭರವಸೆಯ ಮಾರ್ಗ. ಕರಗಿದ ಮೇಲೆ ಅದೇ ಕುಡಿಯುವ ನೀರಾಗುತ್ತದೆ.

ಅನ್ನದ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ. ಅಕ್ಕಿಯಲ್ಲಿ ಸಹಜವಾಗಿಯೇ ಇರಬಹುದಾದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು, ಅಂದರೆ ಪ್ರತಿಕೂಲ ಕಾಲವನ್ನು ಕಳೆಯಲು ಅದು ತಾಳುವ ಗಟ್ಟಿ ಕವಚದ ರೂಪಗಳು, ಕುದಿಯುವ ನೀರಿನಲ್ಲಿಯೂ ಸಾಯುವುದಿಲ್ಲ. ಬೆಂದ ಅನ್ನ ಬೆಚ್ಚಗೆ ಉಳಿದಷ್ಟು ಹೊತ್ತೂ ಅವು ಮೊಳೆತು ಹೆಚ್ಚುತ್ತವೆ, ಅವುಗಳಲ್ಲಿ ಕೆಲವು ವಾಂತಿ ತರುವ ವಿಷವನ್ನು ಸ್ರವಿಸುತ್ತವೆ, ಆ ವಿಷವು ಅನ್ನವನ್ನು ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ. 5 ರಿಂದ 60 ಡಿಗ್ರಿ ಸೆಲ್ಸಿಯಸ್‌ನ ನಡುವೆ ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು, ಹವೆಯ ಬಿಸಿ 32 ಡಿಗ್ರಿ ದಾಟಿದ್ದರೆ ಒಂದು ಗಂಟೆಗಿಂತ ಹೆಚ್ಚು ಇಡಬಾರದೆಂದು ಆಹಾರ ಸುರಕ್ಷತೆಯ ತಜ್ಞರು ಹೇಳುವುದು ಇಂಥ ಕಾರಣಗಳಿಂದಲೇ. ಹಬೆಯಾಡುವ ಚಿತ್ರಾನ್ನವನ್ನು ಡಬ್ಬಿಗೆ ತುಂಬಿ ಬಿಗಿಯಾಗಿ ಮುಚ್ಚಿ ಹೊರಡುವುದು ಎಲ್ಲಕ್ಕಿಂತ ಅಪಾಯಕರ ಪದ್ಧತಿ, ಏಕೆಂದರೆ ಮುಚ್ಚಳಕ್ಕೆ ತಾಗಿದ ಹಬೆ ನೀರಾಗಿ ಅನ್ನದ ಮೇಲೆಯೇ ಬೀಳುತ್ತದೆ, ನಡುವಿನ ಅನ್ನ ಗಂಟೆಗಟ್ಟಲೆ ಆರುವುದೇ ಇಲ್ಲ. ಅನ್ನವನ್ನೇ ಒಯ್ಯಬೇಕೆಂದಿದ್ದರೆ ಅಗಲ ಹರಿವಾಣದಲ್ಲಿ ಹರಡಿ ಬೇಗ ಆರಿಸಿ, ಹುಳಿ ಮುಂದಾಗಿ ಕಲಸಿ, ತಂಪಿನಲ್ಲಿಟ್ಟು ಒಯ್ದು, ದಂಡೆಗೆ ತಲಪಿದೊಡನೆ ಬೆಳಗಿನ ಊಟವಾಗಿ ಮುಗಿಸಿಬಿಡುವುದು ಉಚಿತ. ಹಸಿ ತೆಂಗಿನಕಾಯಿಯ ಚಟ್ನಿ, ನೆನೆಸಿದ ಹೆಸರುಬೇಳೆಯ ಕೋಸಂಬರಿ, ಬೇಯಿಸಿದ ಮೊಟ್ಟೆ ಇವನ್ನು ದೂರದಿಂದ ತರದಿರುವುದೇ ಲೇಸು. ಮೀನು ಪ್ರಿಯರು ಹುರಿದ ತುಂಡುಗಳನ್ನು ಊರಿನಿಂದ ಹೊತ್ತು ತರಬೇಕಾದ ಕಾರಣವೂ ಇಲ್ಲ. ಬೆಳಗ್ಗೆ ದಕ್ಕೆಗೆ, ಅಂದರೆ ದೋಣಿಗಳು ಮೀನು ಇಳಿಸುವ ಕಟ್ಟೆಗೆ, ಬಂದ ಬಂಗುಡೆ ಮಧ್ಯಾಹ್ನ ಅಲ್ಲಿಯ ಊಟದ ಮನೆಗಳಲ್ಲಿ ಬಿಸಿಬಿಸಿಯಾಗಿ ಬಡಿಸಲ್ಪಡುತ್ತದೆ.

ಒಣ ಆಹಾರಕ್ಕೆ ತೇವದ ಗಾಳಿ ಮಾಡುವ ಹಾನಿ ಬೇರೆ ಬಗೆಯದು. ಕಟಕ ರೊಟ್ಟಿ, ಹುರಿದ ಅವಲಕ್ಕಿ, ಮಂಡಕ್ಕಿ ಇವು ಗಾಳಿಗೆ ಒಡ್ಡಿದ ಸ್ವಲ್ಪ ಹೊತ್ತಿನಲ್ಲಿಯೇ ಗರಿ ಕಳೆದುಕೊಂಡು ಮೆತ್ತಗಾಗುತ್ತವೆ, ಆದರೆ ಅಷ್ಟರಿಂದ ಅವು ಕೆಟ್ಟವೆಂದು ಅರ್ಥವಲ್ಲ. ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು ಬೇಕಾದಷ್ಟನ್ನೇ ತೆಗೆದರೆ ಉತ್ತರ ಕರ್ನಾಟಕದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಮತ್ತು ಅಗಸೆಯ ಪುಡಿಗಳು ಕಡಲ ದಂಡೆಯಲ್ಲಿ ಇಡೀ ದಿನ ನಂಬಬಹುದಾದ ಆಹಾರ. ಪುಡಿಗೆ ಕಲಸುವ ಮೊಸರನ್ನು ಮಾತ್ರ ಅಲ್ಲಿಯೇ ಕೊಳ್ಳುವುದು ಒಳ್ಳೆಯದು. ಹಳೆ ಮೈಸೂರಿನ ಕಡೆಯವರಿಗೆ ಇದೇ ಬಗೆಯ ಆಸರೆ ರಾಗಿಯ ಹುರಿಹಿಟ್ಟು. ರಾಗಿಯನ್ನು ಅರಳು ಬರುವಂತೆ ಹುರಿದು ಬೀಸಿದ ಈ ಹಿಟ್ಟಿಗೆ ಮತ್ತೆ ಒಲೆ ಬೇಕಿಲ್ಲ, ಮಜ್ಜಿಗೆಯಲ್ಲಿ ಕದಡಿದರೆ ಪೇಯ, ಬೆಲ್ಲದ ನೀರಿನಲ್ಲಿ ಕಲಸಿದರೆ ಉಂಡೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದರಿಂದ ಮಕ್ಕಳ ಕೈಗೆ ಕೊಡಲು ಇದಕ್ಕಿಂತ ಹಗುರವೂ ಪುಷ್ಟಿಕರವೂ ಆದ ತಿನಿಸು ದೊರೆಯುವುದು ಕಷ್ಟ.

ಇಷ್ಟಾದರೂ ಕಡಲ ಹವೆಗೆ ನಿಜವಾಗಿ ಒಗ್ಗಿದ ಬುತ್ತಿಯನ್ನು ಕಾಣಬೇಕಾದರೆ ಆ ಹವೆಯಲ್ಲಿಯೇ ಬಾಳಿದ ಜನರ ಅಡುಗೆಮನೆಗೆ ಹೋಗಬೇಕು. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಕೃಷ್ಣಾಷ್ಟಮಿ, ಗಣೇಶ ಚೌತಿಗಳಿಗೆ ತಪ್ಪದೆ ಮಾಡುವ ಮೂಡೆ ಮತ್ತು ಕೊಟ್ಟೆ ಕಡುಬು ಅಂಥವು. ಕೇದಗೆಯ ಜಾತಿಗೆ ಸೇರಿದ ಉದ್ದನೆಯ ಓಲೆಗಳ ಮುಳ್ಳಂಚನ್ನು ಸವರಿ ತೆಗೆದು, ಬೆಂಕಿಯ ಮೇಲೆ ಬಾಡಿಸಿ ಮೆದುವಾಗಿಸಿ, ಸುರುಳಿ ಸುತ್ತಿ ಕೊಳವೆಯಂತೆ ಕಟ್ಟಿದರೆ ಮೂಡೆಯ ಅಚ್ಚಾಗುತ್ತದೆ. ನಾಲ್ಕು ಹಲಸಿನ ಎಲೆಗಳನ್ನು ತೆಂಗಿನ ಗರಿಯ ಕಡ್ಡಿಯಿಂದ ಚುಚ್ಚಿ ಜೋಡಿಸಿದರೆ ಕೊಟ್ಟೆಯಾಗುತ್ತದೆ. ಅಕ್ಕಿ ಮತ್ತು ಉದ್ದಿನ ಹಿಟ್ಟನ್ನು ರಾತ್ರಿಯಿಡೀ ಹುಳಿಬರಿಸಿ ಅದರೊಳಗೆ ಹೊಯ್ದು ಹಬೆಯಲ್ಲಿ ಬೇಯಿಸುತ್ತಾರೆ. ಇಲ್ಲಿ ಎಣ್ಣೆಯ ಹನಿಯಿಲ್ಲ, ಹಿಟ್ಟು ಮೊದಲೇ ಹುಳಿತಿರುವುದರಿಂದ ಕೆಡಿಸುವ ಜೀವಿಗಳಿಗೆ ಎಡೆ ಕಡಿಮೆ, ಎಲೆಯೊಳಗೆ ಮುಚ್ಚಿಕೊಂಡೇ ಬೆಂದದ್ದರಿಂದ ಕೈ ಸೋಂಕಿರುವುದಿಲ್ಲ. ಬೇಯಿಸಿದ ಪಾತ್ರೆ, ಕಟ್ಟಿ ಒಯ್ಯುವ ಪೊಟ್ಟಣ, ಬಿಚ್ಚಿ ತಿನ್ನುವ ತಟ್ಟೆ ಮೂರೂ ಒಂದೇ ಎಲೆ. ಅದನ್ನು ತುದಿಯಿಂದ ಸುಲಿಯುತ್ತ ತಿಂದರೆ ಗಾಳಿಯಲ್ಲಿ ಹಾರುವ ಮರಳು ಒಳಗಿನ ಕಡುಬನ್ನು ಮುಟ್ಟುವುದಿಲ್ಲ. ಹಬ್ಬದ ಮರುದಿನವೂ ಇದನ್ನು ತಿನ್ನುವ ರೂಢಿ ಮನೆಮನೆಯಲ್ಲಿದೆ. ಮಂಗಳೂರು, ಉಡುಪಿಗಳ ಕೆಲವು ಹೋಟೆಲುಗಳಲ್ಲಿ ಬೆಳಗಿನ ತಿಂಡಿಯಾಗಿ ಸಿಗುವ ಮೂಡೆಯನ್ನು ಎಲೆಯ ಸಮೇತ ಕಟ್ಟಿಸಿಕೊಂಡು, ಮನೆಯಿಂದ ತಂದ ಚಟ್ನಿಪುಡಿಯನ್ನು ಜೊತೆಗಿಟ್ಟುಕೊಂಡು ದಂಡೆಗೆ ಇಳಿಯುವ ಒಳನಾಡಿನ ಕುಟುಂಬ ಎರಡು ಸೀಮೆಗಳ ವಿವೇಕವನ್ನು ಒಂದೇ ಊಟದಲ್ಲಿ ಕೂಡಿಸಿದಂತೆ. ಹಲಸಿನ ಮರವಿರುವ ಮಲೆನಾಡಿನ ಮನೆಗಳಲ್ಲಿಯಂತೂ ಇಡ್ಲಿಯ ಹಿಟ್ಟಿನಿಂದಲೇ ಕೊಟ್ಟೆ ಕಡುಬು ಮಾಡಿ ತರುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಕಡಲ ದಂಡೆಯಲ್ಲಿ ಹಸಿವಿಗಿಂತ ಮೊದಲು ಮೈಗೆ ತಾಕುವುದು ನೀರಿನ ಮತ್ತು ಉಪ್ಪಿನ ಕೊರತೆ, ಅದು ಅರಿವಿಗೆ ಬರುವುದು ಮಾತ್ರ ತಡವಾಗಿ. ತೇವದ ಹವೆಯಲ್ಲಿ ಬೆವರು ಧಾರಾಳವಾಗಿ ಹರಿದರೂ ಅಲೆಯ ನೀರು ಅದನ್ನು ತೊಳೆಯುತ್ತ, ಕಡಲ ಗಾಳಿ ಮೈಗೆ ತಂಪೆನಿಸುತ್ತ ಇರುವುದರಿಂದ ಎಷ್ಟು ಬೆವರಿದೆವೆಂಬುದು ಯಾರಿಗೂ ತಿಳಿಯುವುದಿಲ್ಲ. ಆಟದಲ್ಲಿ ಮುಳುಗಿದ ಮಕ್ಕಳಿಗಂತೂ ಬಾಯಾರಿಕೆಯೇ ನೆನಪಾಗದು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ಸಮುದ್ರದ ನೀರು ಆಟದ ನಡುವೆ ಹೊಟ್ಟೆಗಿಳಿದರೆ ಬಾಯಾರಿಕೆ ಇನ್ನಷ್ಟು ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2002ರಲ್ಲಿ ಪರಿಷ್ಕರಿಸಿದ ಮರುಜಲೀಕರಣ ದ್ರಾವಣದಲ್ಲಿ, ಅಂದರೆ ವಾಂತಿಭೇದಿಯಿಂದ ಸೊರಗಿದವರಿಗೆ ಕುಡಿಸುವ ಸಕ್ಕರೆ-ಉಪ್ಪಿನ ನೀರಿನಲ್ಲಿ, ಒಂದು ಲೀಟರಿಗೆ 2.6 ಗ್ರಾಂ ಉಪ್ಪು ಮತ್ತು 13.5 ಗ್ರಾಂ ಗ್ಲೂಕೋಸ್ ಇರುತ್ತದೆ. ಕರುಳಿನಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಜೊತೆಯಾಗಿ ಹೀರಲ್ಪಡುವಾಗ ನೀರೂ ಅವುಗಳ ಬೆನ್ನಿಗೆ ರಕ್ತಕ್ಕೆ ಸೇರುತ್ತದೆ ಎಂಬುದು ಅದರ ತಳಹದಿ. ಆರೋಗ್ಯವಂತರಿಗೆ ಆ ದ್ರಾವಣವೇ ಬೇಕೆಂದಿಲ್ಲವಾದರೂ ತೆಳುವಾದ ಬೆಲ್ಲದ ಪಾನಕಕ್ಕೆ ನಿಂಬೆಹಣ್ಣು ಹಿಂಡಿ ಚಿಟಿಕೆ ಉಪ್ಪು ಬೆರೆಸುವ ಮನೆಯ ಕ್ರಮ ಇದೇ ದಾರಿಯಲ್ಲಿದೆ. ತುಳುನಾಡಿನವರು ಪುನರ್ಪುಳಿಯೆಂದೂ ಉತ್ತರ ಕನ್ನಡದವರು ಮುರುಗಲೆಂದೂ ಕರೆಯುವ ಹಣ್ಣಿನ ಒಣಸಿಪ್ಪೆಯನ್ನು ನೆನೆಸಿ, ಕಿವುಚಿ, ಜೀರಿಗೆ ಮತ್ತು ಉಪ್ಪು ಸೇರಿಸಿ ಮಾಡಿದ ಕೆಂಪು ಶರಬತ್ತು ಸಕ್ಕರೆ ಕಡಿಮೆಯಿದ್ದಷ್ಟೂ ಚೆನ್ನು. ದಂಡೆಯಲ್ಲಿಯೇ ಸಿಗುವ ಎಳನೀರನ್ನು ಹೊತ್ತು ತರುವ ಪ್ರಶ್ನೆಯೇ ಇಲ್ಲ. ಆದರೆ ಅದರಲ್ಲಿ ಪೊಟ್ಯಾಸಿಯಂ ಹೇರಳವಾಗಿದ್ದು ಸೋಡಿಯಂ ಅದಕ್ಕಿಂತ ಬಹಳ ಕಡಿಮೆ ಇರುತ್ತದೆ, ಬೆವರಿನಲ್ಲಿ ಹೊರಹೋಗುವುದಾದರೋ ಮುಖ್ಯವಾಗಿ ಸೋಡಿಯಂ. ಆದ್ದರಿಂದ ಎಳನೀರಿನೊಡನೆ ಉಪ್ಪು ಹಾಕಿ ಹುರಿದ ಕಡಲೆಕಾಯಿಯನ್ನೋ ಉಪ್ಪಿನಲ್ಲಿಟ್ಟ ನೆಲ್ಲಿಕಾಯಿಯನ್ನೋ ತಿನ್ನುವುದು ನಾಲಿಗೆಗೂ ಹಿತ, ಮೈಗೂ ಹಿತ. ರಕ್ತದೊತ್ತಡಕ್ಕಾಗಿ ಉಪ್ಪನ್ನು ಮಿತಗೊಳಿಸಿಕೊಂಡಿರುವ ಹಿರಿಯರು ಮಾತ್ರ ವೈದ್ಯರು ಹೇಳಿದ ಕ್ರಮವನ್ನೇ ಪಾಲಿಸಬೇಕು.

ಹಣ್ಣುಗಳಲ್ಲಿ ಏಲಕ್ಕಿ ಬಾಳೆ, ಮೂಸಂಬಿ, ಕಿತ್ತಳೆ, ಸೀಬೆ ಇಂಥ ಇಡಿಯಾಗಿ ಒಯ್ಯಬಹುದಾದವೇ ಉತ್ತಮ. ಎಳೆ ಸೌತೆಕಾಯಿಯನ್ನು ತೊಳೆದು ಒರೆಸಿ ತಂದು ಅಲ್ಲಿಯೇ ಹೆಚ್ಚಿದರೆ ಸಾಕು. ಮನೆಯಲ್ಲಿಯೇ ಹೆಚ್ಚಿ ಉಪ್ಪು ಹಾಕಿ ತಂದದ್ದು ನೀರು ಬಿಟ್ಟು ಸೊಪ್ಪೆಯಾಗುತ್ತದೆ. ಊಟ ಮಾಡಿ ನೀರಿಗಿಳಿದರೆ ಕೈಕಾಲು ಹಿಡಿದುಕೊಂಡು ಮುಳುಗಿಹೋಗುತ್ತಾರೆಂಬ ನಂಬಿಕೆಗೆ ಗಟ್ಟಿಯಾದ ಆಧಾರ ದೊರೆತಿಲ್ಲ. ಹಾಗೆಂದು ಬೋಂಡಾ, ಪೂರಿ, ಗೋಳಿಬಜೆಗಳಿಂದ ಹೊಟ್ಟೆ ಬಿರಿಯುವಂತೆ ತುಂಬಿಕೊಂಡು ಅಲೆಗಳಲ್ಲಿ ನಿಂತವರಿಗೆ ಸುಖವೂ ಇಲ್ಲ. ಒಂದೇ ದೊಡ್ಡ ಊಟದ ಬದಲು ಮೂರು ನಾಲ್ಕು ಸಣ್ಣ ತಿನಿಸುಗಳಾಗಿ ಹಂಚಿಕೊಂಡರೆ ಮಕ್ಕಳು ಆಟದ ನಡುನಡುವೆ ನೆರಳಿಗೂ ಬರುತ್ತಾರೆ, ನೀರನ್ನೂ ಕುಡಿಯುತ್ತಾರೆ.

ಊಟದ ನಂತರ ಉಳಿದದ್ದನ್ನು ಮರಳಿನಲ್ಲಿ ಹೂಳುವ ಅಭ್ಯಾಸ ಅನೇಕರಲ್ಲಿದೆ, ಅದು ಸ್ವಚ್ಛತೆಯೆಂಬ ನಂಬಿಕೆಯಿಂದಲೇ ನಡೆಯುತ್ತದೆ. ವಾಸ್ತವದಲ್ಲಿ ಅದು ಎಸೆದದ್ದಕ್ಕಿಂತ ಹೆಚ್ಚಿನ ಕೇಡು ಮಾಡಬಲ್ಲದು. ಪ್ರವಾಸಿಗರು ಹೆಚ್ಚಾಗಿ ಬರುವ ಚಳಿಗಾಲದ ತಿಂಗಳುಗಳಲ್ಲಿಯೇ ಆಲಿವ್ ರಿಡ್ಲಿ ಜಾತಿಯ ಕಡಲಾಮೆಗಳು ಹೊನ್ನಾವರದ ಸುತ್ತಮುತ್ತಲಿನ ಮರಳಿಗೆ ರಾತ್ರಿ ಬಂದು, ಗುಂಡಿ ತೋಡಿ ಮೊಟ್ಟೆಯಿಟ್ಟು ಹೋಗುತ್ತವೆ. ಹೂತ ಅನ್ನದ ವಾಸನೆ ಹಿಡಿದು ಬರುವ ಬೀದಿನಾಯಿಗಳು ಮರಳನ್ನು ಕೆದಕುವುದನ್ನು ಕಲಿಯುತ್ತವೆ, ಕೆದಕಿದಲ್ಲಿ ಆಮೆಯ ಗೂಡು ಸಿಕ್ಕರೆ ಅದನ್ನೂ ಬಿಡುವುದಿಲ್ಲ. 2020ರಲ್ಲಿ ಹೊನ್ನಾವರದ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ ದಂಡೆಗಳಿಗೆ ಬ್ಲೂ ಫ್ಲ್ಯಾಗ್ ಮಾನ್ಯತೆ, ಅಂದರೆ ನೀರಿನ ಶುದ್ಧಿ, ಸುರಕ್ಷತೆ ಮತ್ತು ಪರಿಸರ ನಿರ್ವಹಣೆಯನ್ನು ನೋಡಿ ನೀಡುವ ಅಂತರರಾಷ್ಟ್ರೀಯ ಪ್ರಮಾಣಪತ್ರ, ದೊರೆತದ್ದು ಹೆಮ್ಮೆಯ ವಿಷಯ. ಉಳಿದ ದಂಡೆಗಳಲ್ಲಿಯೂ ಎಂಜಲೆಲೆ, ಸಿಪ್ಪೆ, ಪೊಟ್ಟಣಗಳನ್ನು ಒಂದು ಚೀಲಕ್ಕೆ ತುಂಬಿ ಮರಳಿನಿಂದಾಚೆಗೆ ಒಯ್ಯಲು ಯಾವ ಪ್ರಮಾಣಪತ್ರವೂ ಬೇಕಾಗಿಲ್ಲ. ಅಳತೆಯರಿತು ಕಟ್ಟಿದ ಬುತ್ತಿಯಲ್ಲಿ ಉಳಿಯುವುದು ಹೇಗೂ ಕಡಿಮೆ.

ಸಂಜೆ ಮರಳುವವರಿಗೆ ಘಟ್ಟದ ತಿರುವುಗಳು ಕಾದಿರುತ್ತವೆ. ದಿನವಿಡೀ ಬಿಸಿಲಿನಲ್ಲಿ ಬಳಲಿದವರು ಆ ಹೊತ್ತಿನಲ್ಲಿ ಕರಿದದ್ದನ್ನು ತಿಂದು ವಾಹನವೇರಿದರೆ ಅರ್ಧ ದಾರಿಯಲ್ಲಿ ಹೊಟ್ಟೆ ತೊಳಸತೊಡಗುತ್ತದೆ. ಹಿಡಿಯಷ್ಟು ಮಂಡಕ್ಕಿ, ಒಂದೆರಡು ಬಾಳೆಹಣ್ಣು, ಇಲ್ಲವೇ ಡಬ್ಬಿಯಲ್ಲಿ ಮುಚ್ಚಿಟ್ಟ ರೊಟ್ಟಿಯ ತುಂಡಿಗೆ ಶೇಂಗಾ ಪುಡಿ ಆ ಪ್ರಯಾಣಕ್ಕೆ ಸಾಕು. ಬೆಳಗಿನ ಅನ್ನದಲ್ಲಿ ಇನ್ನೂ ತುಸು ಉಳಿದಿದ್ದು ವಾಸನೆ, ರುಚಿಗಳಲ್ಲಿ ಏನೂ ವ್ಯತ್ಯಾಸ ಕಾಣದಿದ್ದರೂ, ವಿಷಕ್ಕೆ ವಾಸನೆಯಿರಲೇಬೇಕೆಂಬ ನಿಯಮವಿಲ್ಲದ ಕಾರಣ, ಅದನ್ನು ಮಕ್ಕಳಿಗೆ ಕೊಡದೆ ಬಿಡುವುದೇ ಸರಿ.