ಮೊದಲ ರೇಸಿಗೇ ಪಟ್ಟ ಕಟ್ಟೋದ್ಯಾಕ್ರಿ?

ಎಫ್-1 ಹಂಗಾಮಿನ ಮೊದಲ ರೇಸು ಮುಗಿಯೋದೇ ತಡ, ಅಭಿಮಾನಿಗಳು ವರ್ಷದ ಚಾಂಪಿಯನ್‌ನನ್ನೇ ಆರಿಸಿಬಿಡ್ತಾರೆ. ಮೆಲ್ಬರ್ನ್‌ನ ಮೊದಲ ರೇಸನ್ನ 2017, 2018ರಲ್ಲಿ ವೆಟ್ಟಲ್ ಗೆದ್ದ, 2019ರಲ್ಲಿ ಬೊಟ್ಟಾಸ್. ಮೂರೂ ಸಲ ಪಟ್ಟ ಹ್ಯಾಮಿಲ್ಟನ್‌ಗೆ. 2022ರಲ್ಲಿ ಬಹ್ರೇನ್‌ನ ಮೊದಲ ರೇಸಿನಲ್ಲಂತೂ ಇನ್ನೇನು ಮುಗೀತು ಅನ್ನುವಾಗ ವರ್ಸ್ಟಾಪನ್ ಗಾಡಿ ಕೈಕೊಟ್ಟಿತು. ಆ ವರ್ಷ 15 ರೇಸು ಗೆದ್ದವನೂ ಅವನೇ! '2025ರಲ್ಲಿ ನಾರಿಸ್ ಮೊದಲನೇದನ್ನೂ ಗೆದ್ದ, ಪಟ್ಟವನ್ನೂ ಹೊಡೆದನಲ್ಲ?' ಅಂತೀರಿ. ಖರೆ. ಆದರೆ ನಡುವೆ ತಿಂಗಳುಗಟ್ಟಲೆ ಮುಂದಿದ್ದವನು ಪಿಯಾಸ್ಟ್ರಿ, ಕೊನೆಗೆ ನಾರಿಸ್‌ಗೂ ವರ್ಸ್ಟಾಪನ್‌ಗೂ ಉಳಿದ ಅಂತರ ಎರಡೇ ಪಾಯಿಂಟು.

ನಮ್ಮ ಮುಧೋಳ, ಜಮಖಂಡಿ ಕಡೆ ತೆರಬಂಡಿ ನೋಡೋ ಮಂದಿ ಇದರಾಗ ಶಾಣ್ಯಾರು. ಗಾಲಿ ತಿರುಗದಂಗ ಕಟ್ಟಿದ ಬಂಡಿಯನ್ನ ಜೋಡೆತ್ತು ಎಷ್ಟು ಅಡಿ ಎಳೀತು ಅಂತ ಅಳೀತಾರ, ಕೇಕೆ ಹಾಕ್ತಾರ, ಆಮ್ಯಾಲೆ 'ಮುಂದಿನ ಜಾತ್ರ್ಯಾಗ ನೋಡೂಣು' ಅಂತಾರ. ನೀವೇನಂತೀರಿ?