ಉಸಿರಿನ ಋಣ

ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆಗೆ ಹೇಗೋ ಹಾಗೆಯೇ ಕೆಂಪು ಗ್ರಾನೈಟ್ ಶಿಲೆಗೂ ಹೆಸರಾದ ಊರು. ಆ ಕಲ್ಲಿನ ವ್ಯಾಪಾರದಲ್ಲಿ ನಾನೂ ಕೆಲವು ವರ್ಷ ಲಾಭ ಕಂಡವನು. ನಮ್ಮಲ್ಲಿ ಕಲ್ಲು ಕೊರೆಯುತ್ತಿದ್ದ ಹಿರಿಯರೊಬ್ಬರು ಇಂದು ಹುನಗುಂದದ ತಮ್ಮ ಮನೆಯಲ್ಲಿ ನಾಲ್ಕು ಹೆಜ್ಜೆಗೆ ಏದುಸಿರು ಬಿಡುತ್ತಾರೆ. ರೋಗದ ಹೆಸರು ಸಿಲಿಕೋಸಿಸ್. ಒಣ ಕೊರೆತದಲ್ಲಿ ಏಳುವ ಸಿಲಿಕಾದ ಸೂಕ್ಷ್ಮ ಧೂಳು ಶ್ವಾಸಕೋಶವನ್ನು ಗಟ್ಟಿಗೊಳಿಸುತ್ತದೆ. ಕೆಟ್ಟ ಭಾಗವನ್ನು ಮೊದಲಿನಂತೆ ಮಾಡುವ ಔಷಧವಿಲ್ಲ. ನೀರು ಹಾಯಿಸಿ ಕೊರೆದರೆ ಧೂಳು ಬಹುಮಟ್ಟಿಗೆ ಅಡಗುತ್ತದೆ. ಅಂದು ಖರ್ಚಿನ ಮಾತೆಂದು ನಾನು ಅದನ್ನು ಕೈಬಿಟ್ಟೆನು.

ನಮ್ಮ ಶಾಸ್ತ್ರವು 10 ಪ್ರಾಣಗಳಲ್ಲಿ ಶ್ವಾಸೋಚ್ಛ್ವಾಸವನ್ನೂ ಎಣಿಸಿದೆ. ಪ್ರಮಾದದಿಂದ ಪ್ರಾಣಕ್ಕೆ ಒದಗುವ ಘಾತವೇ ಹಿಂಸೆ ಎಂದಿದೆ. ಇರುವೆಯನ್ನು ಕಂಡು ಹೆಜ್ಜೆ ತಪ್ಪಿಸುತ್ತಿದ್ದ ನನಗೆ ಈ ಪ್ರಮಾದ ಕಾಣಲಿಲ್ಲ.

ಈಗ ವಾರಕ್ಕೆರಡು ಬಾರಿ ಅವರಲ್ಲಿಗೆ ಹೋಗುತ್ತೇನೆ. ವೈದ್ಯರು ಕಲಿಸಿದಂತೆ ಮೂಗಿನಿಂದ ಉಸಿರೆಳೆದು, ಬಿಸಿ ಹಾಲು ಆರಿಸುವಂತೆ ತುಟಿ ಕಿರಿದಾಗಿಸಿ, ಎಳೆದುದರ ಎರಡರಷ್ಟು ಹೊತ್ತು ಬಿಡುತ್ತಾರೆ. ಬಳಿಕ ಅಂಗಳದಲ್ಲಿ ಒಂದಿಷ್ಟು ನಡಿಗೆ, ನಡುನಡುವೆ ವಿಶ್ರಾಂತಿ. ಆಮ್ಲಜನಕದ ಪ್ರಮಾಣವನ್ನು ವೈದ್ಯರನ್ನು ಕೇಳದೆ ಹೆಚ್ಚಿಸುವಂತಿಲ್ಲ. ಅದರ ಬಳಿ ಬೀಡಿ, ಊದುಬತ್ತಿ ಕೂಡದು. ಇದರಿಂದ ರೋಗ ವಾಸಿಯಾಗದು, ಬಳಲಿಕೆ ತಗ್ಗುತ್ತದೆ. ಮೊನ್ನೆ ಅವರು ಬಾಗಿಲವರೆಗೆ ನಡೆದು ಬಂದು, “ಹೋಗಿ ಬರ್ರಿ ಸಾವಕಾರ್ರ” ಎಂದರು. ನನಗೆ ಉತ್ತರ ಹೊರಡಲಿಲ್ಲ.

ವೈಯಾವೃತ್ಯವು ಅಂತರಂಗ ತಪವೆಂದು ಓದಿದ್ದೇನೆ. ನನ್ನ ಪಾಲಿಗೆ ಅದು ಸಾಲದ ತೀರುವಳಿ, ಅಸಲು ತೀರುವಂತಿಲ್ಲ. ಕಲ್ಲಿನ ವ್ಯವಹಾರದಲ್ಲಿರುವ ಸಾಧರ್ಮಿ ಬಂಧುಗಳಲ್ಲಿ ನನ್ನ ವಿನಂತಿಯಿಷ್ಟೇ: ಕೊರೆಯುವಲ್ಲಿ ನೀರು ಹಾಯಿಸಿರಿ, ಕೆಲಸಗಾರರ ಎದೆಯ ಎಕ್ಸ್‌ರೇ ತಪ್ಪದೆ ಮಾಡಿಸಿರಿ.